ಹೆಗಲು ಕೊಡುವ ಮೊದಲು: ಕೊನೆಗಾಲದ ಮನೆಗೆ ಬೀದಿಯ ಜನ ಆಸರೆಯಾಗುವ ಬಗೆ

ನಮ್ಮ ಊರುಗಳಲ್ಲಿ ಒಬ್ಬರು ತೀರಿಕೊಂಡರೆ ಯಾರಿಗೂ ಏನನ್ನೂ ಹೇಳಿಕೊಡಬೇಕಾಗಿಲ್ಲ. ಗಂಟೆಯೊಳಗೆ ಮನೆಯ ಮುಂದೆ ಬೆಂಕಿ ಹಾಕುವವರು, ಶಾಮಿಯಾನ ಮತ್ತು ಕುರ್ಚಿ ತರಿಸುವವರು, ದೂರದ ನೆಂಟರಿಗೆ ಸುದ್ದಿ ಮುಟ್ಟಿಸುವವರು, ಚಟ್ಟ ಕಟ್ಟುವವರು, ಮುಂದಾಗಿ ಹೋಗಿ ಸ್ಮಶಾನದ ಏರ್ಪಾಡು ನೋಡಿಬರುವವರು ತಾವಾಗಿಯೇ ಒದಗಿಬರುತ್ತಾರೆ. ಸೂತಕದ ಮನೆಯಲ್ಲಿ ಒಲೆ ಹಚ್ಚುವಂತಿಲ್ಲವೆಂದು ಪಕ್ಕದ ಮನೆಯಿಂದ ಅನ್ನ ಸಾರು ಬರುತ್ತದೆ. ಆದರೆ ಅದೇ ವ್ಯಕ್ತಿ ಅದಕ್ಕೂ ಮೊದಲು ನಾಲ್ಕು ತಿಂಗಳು ಹಾಸಿಗೆ ಹಿಡಿದಿದ್ದಾಗ, ಹೆಂಡತಿ ಒಬ್ಬಳೇ ರಾತ್ರಿಯಿಡೀ ಎದ್ದೆದ್ದು ಆತನ ಮಗ್ಗುಲು ಬದಲಿಸುತ್ತಿದ್ದುದು ಬೀದಿಗೆ ಗೊತ್ತಿರುವುದಿಲ್ಲ; ಗೊತ್ತಿದ್ದರೂ ‘ಪಾಪ, ಅವರಿಗೇಕೆ ತೊಂದರೆ’ ಎಂದುಕೊಂಡು ಯಾರೂ ಬಾಗಿಲು ತಟ್ಟುವುದಿಲ್ಲ.

ಸತ್ತವರಿಗಾಗಿ ನಮ್ಮಲ್ಲಿ ಪದ್ಧತಿಯಿದೆ, ಸಾಯುತ್ತಿರುವವರಿಗಾಗಿ ಪದ್ಧತಿಯಿಲ್ಲ. ಮೈಸೂರಿನ ನಮ್ಮ ಬಡಾವಣೆಯಲ್ಲಿ ಒಂಬತ್ತು ಮಂದಿ ಸೇರಿ ಕೆಲವು ವರ್ಷಗಳಿಂದ ಮಾಡುತ್ತಿರುವುದು ಇಷ್ಟೇ: ಸಾವಿನ ದಿನ ತಾನಾಗಿ ಕೂಡುವ ಈ ಬಲವನ್ನು ಕೆಲವು ತಿಂಗಳು ಹಿಂದಕ್ಕೂ ಒಂದು ವರ್ಷ ಮುಂದಕ್ಕೂ ಎಳೆದುಕೊಳ್ಳುವುದು. ಇದಕ್ಕೆ ನೋಂದಾಯಿತ ಸಂಘ, ಕಚೇರಿ, ಬ್ಯಾನರ್ ಯಾವುದೂ ಬೇಕಾಗಿಲ್ಲ. ತಿಳಿದಿರಲೇಬೇಕಾದ ಸಂಗತಿಗಳನ್ನೂ ನಾವು ತಪ್ಪು ಮಾಡಿ ಕಲಿತದ್ದನ್ನೂ ಇಲ್ಲಿ ಬರೆದಿದ್ದೇನೆ. ಹಳ್ಳಿಯಲ್ಲಾಗಲಿ, ನಗರದ ಅಪಾರ್ಟ್‌ಮೆಂಟಿನಲ್ಲಾಗಲಿ ಸಣ್ಣಪುಟ್ಟ ಬದಲಾವಣೆಯೊಂದಿಗೆ ಇದು ನಡೆಯುತ್ತದೆ.

ಗುಂಪು ಕಟ್ಟುವುದು

ಎಂಟು ಹತ್ತು ಜನ ಸಾಕು. ನಿವೃತ್ತ ನರ್ಸ್ ಒಬ್ಬರು ಸಿಕ್ಕರೆ ಪುಣ್ಯ. ಮಿಕ್ಕಂತೆ ತಾಲ್ಲೂಕು ಕಚೇರಿಯ ಕಾಗದಪತ್ರ ಬಲ್ಲವರು ಒಬ್ಬರು, ವಾಹನವಿದ್ದು ಅಪರಾತ್ರಿಯಲ್ಲಿ ಫೋನ್ ಎತ್ತುವವರು ಒಬ್ಬರು, ಅಡುಗೆಯ ಹೊಣೆ ಹೊರುವವರು ಒಬ್ಬಿಬ್ಬರು, ಮತ್ತು ಸುಮ್ಮನೆ ಕೂರಬಲ್ಲವರು ಇಬ್ಬರಾದರೂ ಇರಬೇಕು. ಈ ಕೊನೆಯವರು ಸಿಗುವುದೇ ಕಷ್ಟ. ರೋಗಿಯ ಪಕ್ಕದಲ್ಲಿ ಒಂದು ಗಂಟೆ ಸಲಹೆ ಕೊಡದೆ ಕೂರುವ ಶಕ್ತಿ ಎಲ್ಲರಿಗೂ ಇರುವುದಿಲ್ಲ. ಬೀದಿಯಲ್ಲಿರುವ ಎಲ್ಲ ಜಾತಿ ಮತಗಳವರೂ ಗುಂಪಿನಲ್ಲಿರುವಂತೆ ನೋಡಿಕೊಳ್ಳುವುದು ಸೌಜನ್ಯಕ್ಕಾಗಿ ಮಾತ್ರವಲ್ಲ, ಮುಂದೆ ಅಂತ್ಯಸಂಸ್ಕಾರದ ಹೊತ್ತಿಗೆ ಅದು ನಿಜವಾಗಿಯೂ ಕೆಲಸಕ್ಕೆ ಬರುತ್ತದೆ.

ಮೊದಲ ದಿನವೇ ನಾಲ್ಕು ಕಟ್ಟುಗಳನ್ನು ಬಾಯಿಬಿಟ್ಟು ಒಪ್ಪಿಕೊಳ್ಳಿ. ಆ ಮನೆಯಲ್ಲಿ ಕಂಡದ್ದು ಕೇಳಿದ್ದು ಹೊರಗೆ ಹೋಗಬಾರದು. ಔಷಧದ ವಿಷಯದಲ್ಲಿ ಬಾಯಿ ಹಾಕಬಾರದು. ಸಾಲದ ವ್ಯವಹಾರ ಕೂಡದು. ಯಾರ ಮನೆಯಲ್ಲಿಯೂ ತನ್ನ ದೇವರನ್ನು ಒಯ್ದು ಕೂರಿಸಬಾರದು. ಮೊದಲನೆಯದು ಮುರಿದರೆ ಗುಂಪು ಉಳಿಯುವುದಿಲ್ಲ.

ಗುಂಪು ಎಷ್ಟೇ ಚೆನ್ನಾಗಿದ್ದರೂ ಅದರ ಬೆನ್ನಿಗೆ ಉಪಶಮನ ಆರೈಕೆ, ಅಂದರೆ ಪ್ಯಾಲಿಯೇಟಿವ್ ಕೇರ್, ಬಲ್ಲ ವೈದ್ಯರೊಬ್ಬರು ಇರಲೇಬೇಕು. ರೋಗ ಗುಣವಾಗದ ಹಂತ ತಲುಪಿದ ಮೇಲೂ ನೋವು, ವಾಂತಿ, ಉಸಿರಾಟದ ತೊಂದರೆ, ಭಯ ಇವುಗಳಿಗೆ ಚಿಕಿತ್ಸೆಯಿದೆ ಎಂಬುದೇ ನಮ್ಮಲ್ಲಿ ಅನೇಕರಿಗೆ ತಿಳಿಯದು. ‘ಇನ್ನು ಮನೆಗೆ ಕರೆದುಕೊಂಡು ಹೋಗಿ’ ಎಂಬ ಮಾತನ್ನು ‘ಇನ್ನು ಮಾಡುವುದೇನೂ ಇಲ್ಲ’ ಎಂದು ಅರ್ಥ ಮಾಡಿಕೊಂಡು ಮನೆಯವರು ಕೈಚೆಲ್ಲುತ್ತಾರೆ. ಪಕ್ಕದ ಕೇರಳದಲ್ಲಿ 1993ರಲ್ಲಿ ಕೋಳಿಕ್ಕೋಡಿನ ವೈದ್ಯಕೀಯ ಕಾಲೇಜಿನಲ್ಲಿ ಡಾ. ಎಂ. ಆರ್. ರಾಜಗೋಪಾಲ್ ಮತ್ತು ಅವರ ಜೊತೆಗಾರರು ಇದನ್ನು ಆರಂಭಿಸಿ, ಮುಂದೆ ಮಲಪ್ಪುರಂ ಮೊದಲಾದ ಜಿಲ್ಲೆಗಳಲ್ಲಿ ತರಬೇತಿ ಪಡೆದ ನೆರೆಹೊರೆಯವರೇ ಇದನ್ನು ಮನೆಮನೆಗೆ ಒಯ್ದರು. 2008ರಲ್ಲಿ ಆ ಸರ್ಕಾರ ಇದಕ್ಕೊಂದು ನೀತಿಯನ್ನೇ ರೂಪಿಸಿತು. ಬೆಂಗಳೂರಿನಲ್ಲಿ 1999ರಿಂದ ಕರುಣಾಶ್ರಯವು ಮುಂದುವರಿದ ಕ್ಯಾನ್ಸರ್ ರೋಗಿಗಳನ್ನು ಹಣ ಪಡೆಯದೆ ನೋಡಿಕೊಳ್ಳುತ್ತಿದೆ, ಕಿದ್ವಾಯಿ ಸಂಸ್ಥೆಯಲ್ಲಿ ನೋವು ನಿವಾರಣೆಯ ಸೇವೆಯಿದೆ. ನಿಮ್ಮ ಜಿಲ್ಲೆಯಲ್ಲಿ ಇಂಥ ವೈದ್ಯರು ಯಾರೆಂದು ಜಿಲ್ಲಾಸ್ಪತ್ರೆಯಲ್ಲಿ, ಹತ್ತಿರದ ವೈದ್ಯಕೀಯ ಕಾಲೇಜಿನಲ್ಲಿ ವಿಚಾರಿಸಿ, ಅವರಿಂದ ಮನೆ ಆರೈಕೆಯ ಪ್ರಾಥಮಿಕ ಪಾಠ ಹೇಳಿಸಿಕೊಂಡ ಮೇಲೆಯೇ ಮೊದಲ ಮನೆಗೆ ಕಾಲಿಡಿ. ಹಳ್ಳಿಯಲ್ಲಾದರೆ ಆಶಾ ಕಾರ್ಯಕರ್ತೆಯನ್ನು ಬಿಟ್ಟು ಹೆಜ್ಜೆ ಇಡಬೇಡಿ. ಯಾವ ಮನೆಯಲ್ಲಿ ಯಾರು ಮಲಗಿದ್ದಾರೆಂಬುದು ಅವರಿಗೆ ತಿಳಿದಿರುತ್ತದೆ.

ಮೊದಲ ಭೇಟಿ

ನಾವು ಮೊದಲ ಮನೆಗೆ ಆರು ಜನ ಒಟ್ಟಿಗೆ ಹೋದೆವು. ಮಂಚದ ಮೇಲಿದ್ದ ಹಿರಿಯರು ನಮ್ಮನ್ನು ಒಂದು ಸಲ ನೋಡಿ ಗೋಡೆಯ ಕಡೆ ತಿರುಗಿ ಮಲಗಿದರು. ಆರು ಜನ ಒಟ್ಟಿಗೆ ಬರುವುದು ಹೆಣ ಎತ್ತುವುದಕ್ಕೆ ಎಂಬುದು ನಮ್ಮ ತಲೆಗೆ ಹೊಳೆದಿರಲಿಲ್ಲ. ಅಂದಿನಿಂದ ಒಬ್ಬರು, ಹೆಚ್ಚೆಂದರೆ ಇಬ್ಬರು. ಅದೂ ಮನೆಯವರಿಗೆ ಮೊದಲೇ ತಿಳಿಸಿ, ರೋಗಿಯ ಒಪ್ಪಿಗೆ ಪಡೆದು.

‘ಏನಾದರೂ ಬೇಕಿದ್ದರೆ ಹೇಳಿ’ ಎಂಬ ಮಾತು ಕೇಳುವುದಕ್ಕೆ ಚೆಂದ, ಆದರೆ ಅದಕ್ಕೆ ಯಾರೂ ಏನನ್ನೂ ಹೇಳುವುದಿಲ್ಲ. ಅದರ ಬದಲು ‘ಗುರುವಾರ ಸಂಜೆ ನಾಲ್ಕರಿಂದ ಆರರವರೆಗೆ ನಾನು ಇಲ್ಲಿ ಕೂತಿರುತ್ತೇನೆ, ನೀವು ಸ್ನಾನ ಮಾಡಿ ಸ್ವಲ್ಪ ಹೊತ್ತು ಮಲಗಿ’ ಎಂದು ದಿನ, ಗಂಟೆ, ಕೆಲಸ ಮೂರನ್ನೂ ನೀವೇ ಹೆಸರಿಸಬೇಕು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಹೆಂಗಸಿಗೆ ಅತ್ಯಂತ ಬೇಕಾಗಿರುವುದು ನಿದ್ರೆ. ಎರಡನೆಯದು, ಬ್ಯಾಂಕಿಗೋ ಔಷಧದ ಅಂಗಡಿಗೋ ಹೋಗಿಬರುವಷ್ಟು ಬಿಡುವು. ಗುಂಪಿನ ಪುಸ್ತಕವೊಂದರಲ್ಲಿ ವಾರದ ಪಾಳಿ ಬರೆದಿಡಿ. ಒಪ್ಪಿಕೊಂಡ ಪಾಳಿಗೆ ಬಾರದಿರುವುದು ಒಪ್ಪಿಕೊಳ್ಳದಿರುವುದಕ್ಕಿಂತ ದೊಡ್ಡ ತಪ್ಪೆಂದು ನನ್ನ ಅಭಿಪ್ರಾಯ, ಏಕೆಂದರೆ ಆಕೆ ಆ ಎರಡು ಗಂಟೆಗಳನ್ನು ನಂಬಿ ಇಡೀ ವಾರ ಕಳೆದಿರುತ್ತಾಳೆ.

ಕೊನೆಯ ಮಾತು ತೆಗೆಯುವುದು ಹೇಗೆ

‘ಅನಾಯಾಸೇನ ಮರಣಂ’ ಎಂದು ದಿನವೂ ಹೇಳಿಕೊಳ್ಳುವ ಹಿರಿಯರು, ‘ಕೈಕಾಲು ಗಟ್ಟಿಯಾಗಿರುವಾಗಲೇ ಹೋಗಿಬಿಡಬೇಕು’ ಎನ್ನುವ ಅಜ್ಜಿಯರು ನಮ್ಮಲ್ಲಿ ಎಲ್ಲ ಮನೆಗಳಲ್ಲೂ ಇದ್ದಾರೆ. ಮಕ್ಕಳು ಕೂಡಲೇ ‘ಬಿಡ್ತು ಅನ್ನಿ’ ಎಂದು ಬಾಯಿ ಮುಚ್ಚಿಸುತ್ತಾರೆ. ಬಾಯಿ ಮುಚ್ಚಿಸುವ ಬದಲು ‘ಅನಾಯಾಸ ಅಂದರೆ ನಿಮ್ಮ ಮನಸ್ಸಿನಲ್ಲಿ ಏನಿದೆ?’ ಎಂದು ಕೇಳಿದರೆ ಬೇಕಾದ ಮಾತೆಲ್ಲ ಅಲ್ಲಿಂದಲೇ ಹೊರಡುತ್ತದೆ. ಮನೆಯಲ್ಲಿಯೇ ಇರಬೇಕೋ ಆಸ್ಪತ್ರೆಯೋ, ಯಾರು ಹತ್ತಿರವಿರಬೇಕು, ಯಾರ ಜೊತೆ ಮಾತು ಬಿಟ್ಟಿದ್ದಾರೆ, ಯಾವ ಸಂಸ್ಕಾರ ಬೇಕು, ಯಾವುದು ಬೇಡ. ಮಕ್ಕಳು ಕೇಳಲಾರದ್ದನ್ನು ನೆರೆಯವರು ಕೇಳಬಲ್ಲರು; ಈ ಕೆಲಸದಲ್ಲಿ ಹೊರಗಿನವರಾಗಿರುವುದೇ ನಮಗಿರುವ ಅನುಕೂಲ. ಆದರೆ ರೋಗಿಗೆ ತನ್ನ ಸ್ಥಿತಿ ಎಷ್ಟು ಗೊತ್ತಿದೆ, ಎಷ್ಟು ತಿಳಿಯುವ ಇಚ್ಛೆಯಿದೆ ಎಂಬುದನ್ನು ಅವರ ಬಾಯಿಂದಲೇ ಕೇಳಿಕೊಳ್ಳದೆ ಮುಂದೆ ಹೋಗಬಾರದು.

ಇಚ್ಛೆ ಸ್ಪಷ್ಟವಾದ ಮೇಲೆ ಅದನ್ನು ಬರೆದಿಡಬಹುದು, ಅದಕ್ಕೆ ಕಾನೂನಿನ ಬಲವೂ ಇದೆ. ಈ ದಾರಿಯ ಹಿಂದೆ ಉತ್ತರ ಕನ್ನಡದ ಹೊನ್ನಾವರ ತಾಲ್ಲೂಕಿನ ಹಳದೀಪುರದ ಹೆಣ್ಣುಮಗಳೊಬ್ಬಳ ಬದುಕಿದೆ: ಮುಂಬಯಿಯಲ್ಲಿ ನರ್ಸ್ ಆಗಿದ್ದ ಅರುಣಾ ಶಾನಭಾಗ್ 1973ರಲ್ಲಿ ನಡೆದ ಬರ್ಬರ ದಾಳಿಯ ನಂತರ 42 ವರ್ಷ ಅದೇ ಆಸ್ಪತ್ರೆಯ ಮಂಚದ ಮೇಲಿದ್ದು 2015ರಲ್ಲಿ ತೀರಿಕೊಂಡರು, ಅವರ ಪ್ರಕರಣದಲ್ಲಿಯೇ 2011ರಲ್ಲಿ ಸುಪ್ರೀಂ ಕೋರ್ಟ್ ಮೊದಲ ಬಾರಿಗೆ, ಚೇತರಿಕೆಯ ಆಸೆಯಿಲ್ಲದವರ ಜೀವ ಹಿಡಿದಿಡುವ ಚಿಕಿತ್ಸೆಯನ್ನು ನಿಲ್ಲಿಸಬಹುದೇ ಎಂಬ ಪ್ರಶ್ನೆಯನ್ನು ವಿಸ್ತಾರವಾಗಿ ಎತ್ತಿಕೊಂಡಿತು. 2018ರ ಮಾರ್ಚ್ 9ರಂದು ಸಂವಿಧಾನ ಪೀಠವು ಘನತೆಯಿಂದ ಸಾಯುವುದು 21ನೆಯ ವಿಧಿಯ ಬದುಕುವ ಹಕ್ಕಿನ ಭಾಗವೆಂದು ಹೇಳಿ, ಲಿವಿಂಗ್ ವಿಲ್ ಎಂದು ಜನ ಕರೆಯುವ ಪೂರ್ವ ವೈದ್ಯಕೀಯ ನಿರ್ದೇಶನಕ್ಕೆ ಮಾನ್ಯತೆ ಕೊಟ್ಟಿತು. ಮ್ಯಾಜಿಸ್ಟ್ರೇಟರ ಸಹಿ ಬೇಕೆಂಬ ಕಷ್ಟದ ಷರತ್ತನ್ನು 2023ರ ಜನವರಿಯಲ್ಲಿ ಸಡಿಲಿಸಿತು. 2025ರ ಜನವರಿ ಕೊನೆಯಲ್ಲಿ ಕರ್ನಾಟಕದ ಆರೋಗ್ಯ ಇಲಾಖೆ ಇದನ್ನು ಆಸ್ಪತ್ರೆಗಳಲ್ಲಿ ಜಾರಿಗೊಳಿಸುವ ಸುತ್ತೋಲೆ ಹೊರಡಿಸಿತು.

ಪತ್ರ ಮಾಡುವುದು ಈಗ ಅಷ್ಟು ಕಷ್ಟವಲ್ಲ. ಬುದ್ಧಿ ಸ್ಥಿಮಿತವಿರುವ ವಯಸ್ಕರು, ಯಾರ ಒತ್ತಾಯವೂ ಇಲ್ಲದೆ, ಚೇತರಿಕೆಯ ಆಸೆಯಿಲ್ಲದ ಸ್ಥಿತಿಯಲ್ಲಿ ವೆಂಟಿಲೇಟರ್ ಮುಂತಾದ ಯಾವ ಚಿಕಿತ್ಸೆ ತಮಗೆ ಬೇಡವೆಂಬುದನ್ನು ಸ್ಪಷ್ಟವಾಗಿ ಬರೆದು, ತಮಗೆ ಮಾತಾಡಲಾಗದಾಗ ತಮ್ಮ ಪರವಾಗಿ ತೀರ್ಮಾನಿಸುವವರನ್ನು ಹೆಸರಿಸಿ, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿಕೊಳ್ಳಬೇಕು. ಪರವಾಗಿ ನಿಲ್ಲುವವರು ಒಬ್ಬರಿಗಿಂತ ಹೆಚ್ಚಿರಬಹುದು. ಇಬ್ಬರನ್ನು ಹೆಸರಿಸುವುದು ಜಾಣತನ, ಅವರಲ್ಲಿ ಒಬ್ಬರಾದರೂ ಅದೇ ಊರಿನಲ್ಲಿರಲಿ. ಪ್ರತಿಗಳನ್ನು ಅವರಿಗೂ ಮನೆಯ ವೈದ್ಯರಿಗೂ ಸ್ಥಳೀಯ ಸಂಸ್ಥೆಯ ಅಧಿಕಾರಿಗೂ ಕೊಡಬೇಕು. ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಲಿಖಿತವಾಗಿ ಹಿಂಪಡೆಯಬಹುದು. ಸಮಯ ಬಂದಾಗ ಆಸ್ಪತ್ರೆಯ ಮೊದಲ ವೈದ್ಯಕೀಯ ಮಂಡಳಿಯೂ, ಜಿಲ್ಲೆಯ ಆರೋಗ್ಯಾಧಿಕಾರಿ ನಾಮನಿರ್ದೇಶನ ಮಾಡಿದ ವೈದ್ಯರಿರುವ ಎರಡನೆಯ ಮಂಡಳಿಯೂ ಒಪ್ಪಬೇಕು. ಒಂದೊಂದೂ ಸಾಧ್ಯವಾದಷ್ಟೂ 48 ಗಂಟೆಯೊಳಗೆ ತೀರ್ಮಾನಿಸಬೇಕೆಂಬುದು ಕೋರ್ಟಿನ ಮಾತು. ಇದು ಚುಚ್ಚುಮದ್ದು ಕೊಟ್ಟು ಪ್ರಾಣ ತೆಗೆಯುವುದಲ್ಲ, ಅದು ಇಂದಿಗೂ ಅಪರಾಧ. ಈ ವ್ಯತ್ಯಾಸವನ್ನು ಮನೆಯವರಿಗೆ ಒಮ್ಮೆಯಲ್ಲ, ಮೂರು ಸಲ ಹೇಳಬೇಕಾಗುತ್ತದೆ.

ಆಸ್ತಿಯ ವಿಷಯ ಬೇಗ ಮುಗಿಸುತ್ತೇನೆ, ಏಕೆಂದರೆ ಗುಂಪು ಅದರಲ್ಲಿ ಬೆರಳಾಡಿಸಬಾರದು. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿ ಕಡ್ಡಾಯವಲ್ಲ, ಇಬ್ಬರು ಸಾಕ್ಷಿಗಳ ಸಹಿ ಬೇಕು. ಪಾಲು ಪಡೆಯುವವರು ಸಾಕ್ಷಿಯಾಗದಿರುವುದು ಕ್ಷೇಮ. ಬ್ಯಾಂಕಿನ ನಾಮಿನಿ ಹಣವನ್ನು ಪಡೆದುಕೊಳ್ಳುವವರೇ ಹೊರತು ಅದರಿಂದಲೇ ಅದರ ಒಡೆಯರಾಗುವುದಿಲ್ಲ. ಜಮೀನಿದ್ದರೆ ಮುಂದೆ ಪೌತಿ ಖಾತೆಗೆ, ಅಂದರೆ ಅದನ್ನು ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಲು, ವಂಶವೃಕ್ಷ ಬೇಕಾಗುತ್ತದೆ. ಗುಂಪಿನ ಕೆಲಸ ಒಂದೇ: ಆಧಾರ್, ಪಾಸ್‌ಬುಕ್, ಪಹಣಿ, ವಿಮೆ, ಪಿಂಚಣಿಯ ಕಾಗದಗಳೆಲ್ಲ ಒಂದೇ ಚೀಲದಲ್ಲಿರುವಂತೆ, ಆ ಚೀಲ ಎಲ್ಲಿದೆಯೆಂದು ಮನೆಯ ಇಬ್ಬರಿಗಾದರೂ ತಿಳಿದಿರುವಂತೆ ನೋಡಿಕೊಳ್ಳುವುದು.

ಕೊನೆಯ ವಾರಗಳು

ನೋವಿನ ಮದ್ದಿನ ಬಗ್ಗೆ ಮೊದಲು ಹೇಳಬೇಕು. ಮಾರ್ಫಿನ್ ಎಂದರೆ ನಮ್ಮವರಿಗೆ ಭಯ. ಅದು ಬಂತೆಂದರೆ ಸಾವು ಬಂತೆಂದೇ ಎಣಿಕೆ, ಇಲ್ಲವೇ ಚಟ ಹಿಡಿಯುತ್ತದೆಂಬ ಅಂಜಿಕೆ. ಬಲ್ಲ ವೈದ್ಯರು ಅಳೆದು ಕೊಟ್ಟ ಮಾರ್ಫಿನ್ ಆಯುಷ್ಯವನ್ನು ಕಡಿಮೆ ಮಾಡುವುದಿಲ್ಲ. ಮಾದಕವಸ್ತು ಕಾನೂನಿಗೆ 2014ರಲ್ಲಿ ತಿದ್ದುಪಡಿಯಾದ ಮೇಲೆ ಮಾನ್ಯತೆ ಪಡೆದ ಸಂಸ್ಥೆಗಳು ಅದನ್ನು ಇಟ್ಟುಕೊಂಡು ಕೊಡುವುದು ಮೊದಲಿಗಿಂತ ಸುಲಭವಾಗಿದೆ. ಅದರಿಂದ ಮಲಬದ್ಧತೆ ಖಂಡಿತ ಬರುತ್ತದೆ, ಆದ್ದರಿಂದ ಜೊತೆಯಲ್ಲಿಯೇ ಅದಕ್ಕೂ ಔಷಧ ಬರೆಸಿಕೊಳ್ಳಲು ಮನೆಯವರಿಗೆ ನೆನಪಿಸಿ. ನೋವು ಬಂದ ಮೇಲೆ ಕೊಡುವುದಲ್ಲ, ಹೇಳಿದ ಗಂಟೆಗೆ ಸರಿಯಾಗಿ ಕೊಡುವುದು ಮುಖ್ಯ. ಪಾಳಿಯವರು ಪುಸ್ತಕದಲ್ಲಿ ಸಮಯ ಬರೆಯಲಿ.

ಎರಡನೆಯ ಕಷ್ಟ ಊಟದ್ದು. ರೋಗಿ ತಿನ್ನುವುದನ್ನು ನಿಲ್ಲಿಸಿದಾಗ ಮನೆಯವರು ಗಂಜಿಯ ಲೋಟ ಹಿಡಿದು ಗೋಗರೆಯುತ್ತಾರೆ, ನೆಂಟರು ಬಂದು ‘ಹೊಟ್ಟೆಗೇ ಹಾಕುತ್ತಿಲ್ಲವೇ’ ಎಂದು ಕೊಂಕು ನುಡಿಯುತ್ತಾರೆ. ದೇಹ ಮುಚ್ಚಿಕೊಳ್ಳುತ್ತಿರುವಾಗ ಹಸಿವು ತಾನಾಗಿ ಹೋಗುತ್ತದೆ. ತಿನ್ನದೆ ಸಾಯುವುದಲ್ಲ, ಸಾಯುತ್ತಿರುವುದರಿಂದ ತಿನ್ನುತ್ತಿಲ್ಲ ಎಂಬುದನ್ನು ವೈದ್ಯರ ಬಾಯಿಂದಲೇ ಅವರಿಗೆ ಕೇಳಿಸಿ. ಒತ್ತಾಯದಿಂದ ಹಾಕಿದ್ದು ಶ್ವಾಸಕೋಶಕ್ಕೆ ಇಳಿಯಬಹುದು. ಒದ್ದೆ ಬಟ್ಟೆಯಿಂದ ತುಟಿ, ನಾಲಗೆ ಆಗಾಗ ಒರೆಸುವುದೇ ಆಗ ಮಾಡಬಹುದಾದ ಉಪಚಾರ. ಬಾಯಿಗೆ ನೀರು ಬಿಡುವುದು ಕರ್ತವ್ಯವೆಂದು ಎಲ್ಲರೂ ಸಾಲುಗಟ್ಟಿದರೆ ತುಳಸಿ ಎಲೆಯಿಂದ ಒಂದೇ ಹನಿ ತುಟಿಗೆ ಸೋಕಿಸಲು ಹೇಳಿ. ಸಂಪ್ರದಾಯವೂ ನಡೆಯುತ್ತದೆ, ಉಸಿರೂ ಕಟ್ಟುವುದಿಲ್ಲ.

ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದರೆ, ಗಾಳಿಯ ಹಾಸಿಗೆ ಹಾಕಿದರೆ ಹಾಸಿಗೆ ಹುಣ್ಣು ಬಹುಮಟ್ಟಿಗೆ ತಪ್ಪುತ್ತದೆ. ಆ ಹಾಸಿಗೆ ಒಂದನ್ನು ಗುಂಪೇ ಕೊಂಡಿಟ್ಟುಕೊಂಡು ಮನೆಯಿಂದ ಮನೆಗೆ ಕೊಡಬಹುದು. ನಾವು ಕೂಡಿಸಿದ ಹಣದಲ್ಲಿ ಇದಕ್ಕಿಂತ ಒಳ್ಳೆಯ ಖರ್ಚು ಮತ್ತೊಂದಿಲ್ಲ. ಕಡೆಯ ದಿನಗಳಲ್ಲಿ ಕೈಕಾಲು ತಣ್ಣಗಾಗಿ ಬಣ್ಣ ಬದಲಾಗುವುದು, ಉಸಿರು ಸ್ವಲ್ಪ ಹೊತ್ತು ನಿಂತು ಮತ್ತೆ ಬರುವುದು, ಗಂಟಲಲ್ಲಿ ಗೊರಗೊರ ಸದ್ದಾಗುವುದು, ಹೆಚ್ಚು ಹೊತ್ತು ಮಂಪರಿನಲ್ಲಿರುವುದು ಸಹಜ. ಇದನ್ನು ಮೊದಲೇ ತಿಳಿಸಿರದಿದ್ದರೆ ಮನೆಯವರು ಗಾಬರಿಯಿಂದ 108ಕ್ಕೆ ಕರೆ ಮಾಡುತ್ತಾರೆ, ಮನೆಯಲ್ಲೇ ಇರಬೇಕೆಂದವರು ತುರ್ತು ನಿಗಾ ಘಟಕದ ಗಾಜಿನ ಹಿಂದೆ ಹೋಗುತ್ತಾರೆ. ಆ ರಾತ್ರಿ ಯಾರಿಗೆ ಫೋನ್ ಮಾಡಬೇಕೆಂಬುದನ್ನು ಹಗಲಿನಲ್ಲಿಯೇ ತೀರ್ಮಾನಿಸಿ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದು ಅಂಟಿಸಿ.

ಮಕ್ಕಳು ಹೊರದೇಶದಲ್ಲಿರುವ ಮನೆಗಳಲ್ಲಿ ಇನ್ನೊಂದು ತೊಡಕು ಇದೆ. ಎಲ್ಲರೂ ಒಪ್ಪಿ ಮನೆಗೆ ಕರೆತಂದ ಮೇಲೆ ಅಮೆರಿಕದಿಂದ ಇಳಿದ ಮಗ ‘ಇನ್ನೂ ದೊಡ್ಡ ಆಸ್ಪತ್ರೆಗೆ ಸೇರಿಸಿ’ ಎಂದು ಹಟ ಹಿಡಿಯುವುದನ್ನು ನಾವು ಎರಡು ಸಲ ಕಂಡಿದ್ದೇವೆ. ಅದು ಪ್ರೀತಿಯೂ ಹೌದು, ಇಲ್ಲಿರಲಿಲ್ಲವೆಂಬ ಪಾಪಪ್ರಜ್ಞೆಯೂ ಹೌದು. ಆದ್ದರಿಂದ ತಂದೆಗೆ ಇನ್ನೂ ಮಾತು ಬರುತ್ತಿರುವಾಗಲೇ ವಿಡಿಯೊ ಕರೆಯಲ್ಲಿ ಅವರ ಇಚ್ಛೆಯನ್ನು ಅವರ ಬಾಯಿಂದಲೇ ಮಗನಿಗೆ ಕೇಳಿಸಬೇಕು, ವೈದ್ಯರ ಜೊತೆಗಿನ ಮಾತುಕತೆಯಲ್ಲೂ ಅವನನ್ನು ಸೇರಿಸಿಕೊಳ್ಳಬೇಕು.

ಆ ದಿನ

ಉಸಿರು ನಿಂತ ಮೇಲೆ ಅವಸರ ಬೇಡ. ನಿರೀಕ್ಷಿತ ಸಾವಾಗಿದ್ದರೆ ಮನೆಯವರಿಗೆ ಸ್ವಲ್ಪ ಹೊತ್ತು ಏಕಾಂತ ಕೊಟ್ಟು, ಆಮೇಲೆ ನೋಡಿಕೊಳ್ಳುತ್ತಿದ್ದ ವೈದ್ಯರನ್ನು ಕರೆಸಿ ಮರಣದ ಕಾರಣದ ಪ್ರಮಾಣಪತ್ರ ಪಡೆಯಿರಿ. ಮನೆಯಲ್ಲಿ ಆದ ಸಾವಿಗೆ ಅದು 4ಎ ನಮೂನೆಯಲ್ಲಿರುತ್ತದೆ. ಅವಸರವಿರುವುದು ನೇತ್ರದಾನಕ್ಕೆ ಮಾತ್ರ, ಅದು ಆರು ಗಂಟೆಯೊಳಗೆ ಆಗಬೇಕು: ರೆಪ್ಪೆ ಮುಚ್ಚಿ, ಮೇಲೆ ಒದ್ದೆ ಹತ್ತಿ ಇಟ್ಟು, ಫ್ಯಾನ್ ಆರಿಸಿ, ತಲೆಯ ಕೆಳಗೆ ದಿಂಬು ಕೊಟ್ಟು ನೇತ್ರಬ್ಯಾಂಕಿಗೆ ಕರೆ ಮಾಡಿ. 2006ರಲ್ಲಿ ರಾಜ್‌ಕುಮಾರ್, 2021ರಲ್ಲಿ ಪುನೀತ್ ರಾಜ್‌ಕುಮಾರ್ ಕಣ್ಣು ಕೊಟ್ಟಿದ್ದರಿಂದ ಈ ಒಂದು ಮಾತನ್ನು ಎತ್ತುವುದು ನಮ್ಮಲ್ಲಿ ಈಗ ಕಷ್ಟವಲ್ಲ. ದೇಹದಾನದ ಇಚ್ಛೆಯಿದ್ದರೆ ವೈದ್ಯಕೀಯ ಕಾಲೇಜಿನ ಅಂಗರಚನಾ ವಿಭಾಗದ ಜೊತೆ ಮೊದಲೇ ಮಾತಾಡಿಟ್ಟಿರಬೇಕು.

ಸಂಸ್ಕಾರದ ಪದ್ಧತಿಯನ್ನು ಊಹಿಸಬಾರದು. ಲಿಂಗಾಯತರಲ್ಲಿ ಕೂರಿಸಿ ಸಮಾಧಿ ಮಾಡುವುದರಿಂದ ಗುಂಡಿಯ ಅಳತೆಯೇ ಬೇರೆ. ಮುಸ್ಲಿಮರಲ್ಲಿ ಆದಷ್ಟು ಬೇಗ ದಫನ್ ಆಗಬೇಕು, ಹೊರದೇಶದ ಮಗನಿಗಾಗಿ ಕಾಯುವ ಮಾತು ಅಲ್ಲಿ ಹೊಂದುವುದಿಲ್ಲ. ಬಳೆ ಒಡೆಯುವ, ಕುಂಕುಮ ಅಳಿಸುವ ಶಾಸ್ತ್ರದ ವಿಷಯದಲ್ಲಿ ಗುಂಪಿನ ಹೆಂಗಸರು ಮುಂದೆ ನಿಂತು ‘ಆಕೆಗೆ ಬೇಕಿದ್ದರೆ ಮಾತ್ರ’ ಎಂದು ಹೇಳಬೇಕೆಂಬುದು ನಮ್ಮ ನಿಯಮ. ಇದರಲ್ಲಿ ನಾವು ತಟಸ್ಥರಲ್ಲ.

ಮರಣದ ನೋಂದಣಿಗೆ 21 ದಿನಗಳ ಅವಕಾಶವಿದೆ, ಅದರೊಳಗಾದರೆ ದಂಡವಿಲ್ಲ. ಒಂದು ವರ್ಷ ದಾಟಿದರೆ ಮ್ಯಾಜಿಸ್ಟ್ರೇಟರ ಆದೇಶದ ತನಕ ಹೋಗುತ್ತದೆ. ಕಾಗದ ಬಲ್ಲ ಗೆಳೆಯರು ಮೊದಲ ವಾರದಲ್ಲಿಯೇ ಇದನ್ನು ಮುಗಿಸಿ, ಪ್ರಮಾಣಪತ್ರದ ಹತ್ತು ಪ್ರತಿಗಳನ್ನು ಆ ಚೀಲದಲ್ಲಿಟ್ಟುಕೊಡಲಿ.

ತಿಥಿ ಮುಗಿದ ಮೇಲೆ

ಹನ್ನೊಂದನೆಯ ಅಥವಾ ಹದಿಮೂರನೆಯ ದಿನದ ಊಟವಾದ ಮರುದಿನ ಆ ಮನೆಯಷ್ಟು ಖಾಲಿಯಾದ ಜಾಗ ಊರಿನಲ್ಲಿ ಬೇರೊಂದಿರುವುದಿಲ್ಲ. ಪಾತ್ರೆ ವಾಪಸಾಗಿರುತ್ತದೆ, ನೆಂಟರು ಬಸ್ಸು ಹತ್ತಿರುತ್ತಾರೆ, ಎಲ್ಲರೂ ‘ಧೈರ್ಯವಾಗಿರಿ’ ಎಂದು ಹೇಳಿ ಹೋಗಿರುತ್ತಾರೆ. ನಮ್ಮ ಕೆಲಸದ ಎರಡನೆಯ ಅರ್ಧ ಅಲ್ಲಿಂದ ಆರಂಭವಾಗುತ್ತದೆ. ಪುಸ್ತಕದಲ್ಲಿ ಆ ಮನೆಯ ಹೆಸರಿನ ಮುಂದೆ ದಿನಾಂಕಗಳನ್ನು ಬರೆದುಕೊಳ್ಳುತ್ತೇವೆ: ತಿಂಗಳು, ಮೂರು ತಿಂಗಳು, ತೀರಿಕೊಂಡವರ ಹುಟ್ಟಿದ ದಿನ, ಹಬ್ಬವಿಲ್ಲದ ಮೊದಲ ಯುಗಾದಿ, ಎಡೆ ಇಡುವ ಮೊದಲ ಮಹಾಲಯ ಅಮಾವಾಸ್ಯೆ, ವರ್ಷಾಬ್ದಿಕ. ಆಯಾ ದಿನ ಒಬ್ಬರು ಹೋಗಿ ಅರ್ಧ ಗಂಟೆ ಕೂತು ಬರುತ್ತಾರೆ. ಹೋದಾಗ ತೀರಿಕೊಂಡವರ ಹೆಸರನ್ನು ಹಿಡಿದೇ ಮಾತಾಡಿ. ಹೆಸರೆತ್ತಿದರೆ ದುಃಖವಾದೀತೆಂದು ಎಲ್ಲರೂ ತಪ್ಪಿಸುವುದರಿಂದ ಆ ಹೆಸರು ಕೇಳದೆ ಆ ಮನೆ ಒಣಗಿರುತ್ತದೆ. ‘ಕಾಲವೇ ಮದ್ದು’, ‘ಅವರು ಪುಣ್ಯವಂತರು’ ಎಂಬ ಮಾತುಗಳನ್ನು ನಮ್ಮ ಗುಂಪಿನಲ್ಲಿ ನಿಷೇಧಿಸಿದ್ದೇವೆ, ಆದರೂ ಬಾಯ್ತಪ್ಪಿ ಬರುತ್ತಲೇ ಇರುತ್ತವೆ.

ಮನೆಯಲ್ಲಿ ಮಕ್ಕಳಿದ್ದರೆ ‘ತಾತ ಊರಿಗೆ ಹೋಗಿದ್ದಾರೆ’ ಎಂಬ ಸುಳ್ಳನ್ನು ಹೇಳಿಸಬೇಡಿ. ಆ ಮಗು ಮುಂದೆ ಊರಿಗೆ ಹೊರಟವರನ್ನೆಲ್ಲ ಹೆದರಿಕೆಯಿಂದ ನೋಡುತ್ತದೆ. ಗಂಡಸರು ಅಳುವುದಕ್ಕೆ ಜಾಗವಿಲ್ಲದೆ ಕುಡಿತಕ್ಕೆ ಇಳಿಯುವುದನ್ನು, ವಿಧವೆಯರು ಶುಭಕಾರ್ಯಗಳಿಂದ ತಾವೇ ದೂರ ಸರಿಯುವುದನ್ನು ಗಮನಿಸಿ. ಎಷ್ಟೋ ತಿಂಗಳಾದರೂ ಊಟ, ನಿದ್ರೆ, ಕೆಲಸ ಯಾವುದೂ ಹಳಿಗೆ ಬಾರದಿದ್ದರೆ, ಬದುಕು ಬೇಡವೆಂಬ ಮಾತು ಒಂದು ಸಲ ಬಂದರೂ, ಅದು ನಮ್ಮ ಕೈಮೀರಿದ್ದು. 14416ರ ಟೆಲಿ ಮಾನಸ್ ಸಹಾಯವಾಣಿಗೆ ಅವರ ಪಕ್ಕದಲ್ಲೇ ಕೂತು ಕರೆ ಮಾಡಿ, ಹಗಲುರಾತ್ರಿ ಕನ್ನಡದಲ್ಲಿ ಮಾತಾಡುವವರು ಸಿಗುತ್ತಾರೆ.

ವರ್ಷ ತುಂಬಿದ ಮೇಲೆ ಕೆಲವರು ತಾವೂ ಗುಂಪಿಗೆ ಬರುತ್ತೇವೆ ಎನ್ನುತ್ತಾರೆ. ನಮ್ಮ ಒಂಬತ್ತು ಮಂದಿಯಲ್ಲಿ ಮೂವರು ಹಾಗೆ ಬಂದವರು, ಪಾಳಿ ತಪ್ಪಿಸದವರೂ ಅವರೇ. ಆದರೆ ವರ್ಷಾಬ್ದಿಕಕ್ಕೆ ಮೊದಲು ಯಾರು ಕೇಳಿದರೂ ಸೇರಿಸಿಕೊಳ್ಳುವುದಿಲ್ಲ. ಅಲ್ಲಿಯವರೆಗೆ ಗುರುವಾರ ಸಂಜೆಯ ಎರಡು ಗಂಟೆ ಅವರ ಮನೆಗೇ ಸಲ್ಲಬೇಕಾದದ್ದು.